ತಲೆಕೆಳಗಾಗಿ ತೇಲಿದ ಗೂಡು

ನನ್ನ ಮೊಮ್ಮಗಳು ಸಮುದ್ರಕ್ಕೆ ಧುಮುಕಿ, ಆಕಾಶದಿಂದ ಬಿದ್ದ ಗೂಡಿಗೆ ಹಗ್ಗ ಹಾಕಿ ಬಂದಿದ್ದಾಳೆ! ನಮ್ಮೂರು ಮತ್ತೋಡಿನಲ್ಲಿ ಯಾರು ಎದುರಾದರೂ ಮೊದಲು ಇದನ್ನೇ ಹೇಳುತ್ತೇನೆ. ಆದರೆ ಆ ಬೆಳಿಗ್ಗೆ ನನ್ನ ಜೀವ ನನ್ನಲ್ಲಿರಲಿಲ್ಲ.

ಅವಳದು ಹಡಗಿನ ಕೆಲಸ. ಮನುಷ್ಯರನ್ನು ಆಕಾಶಕ್ಕೆ ಒಯ್ಯಲಿರುವ ಗೂಡನ್ನು ಮೊದಲು ಖಾಲಿಯಾಗಿ ಹಾರಿಸಿ ನೋಡುತ್ತಾರಂತೆ. ಅದು ಕೊಡೆ ಬಿಚ್ಚಿಕೊಂಡು ಸಮುದ್ರಕ್ಕೆ ಬೀಳುತ್ತದೆ. ಹಡಗಿನವರು ಸಣ್ಣ ದೋಣಿಯಲ್ಲಿ ಹೋಗಿ, ಈಜುಗಾರರನ್ನು ಇಳಿಸಿ, ಹಗ್ಗ ಕಟ್ಟಿ ಅದನ್ನು ಎಳೆದು ತರಬೇಕು. ಆ ಈಜುಗಾರರಲ್ಲಿ ಇವಳೂ ಒಬ್ಬಳು.

ಟಿವಿ ಮುಂದೆ ನಾನು, ಅವಳ ತಾಯಿಯಾದ ನನ್ನ ಸೊಸೆ, ಇಬ್ಬರೇ. ಕೊಡೆಗಳು ಅರಳಿದಾಗ ಸೊಸೆ ಚಪ್ಪಾಳೆ ತಟ್ಟಿದಳು. ಗೂಡು ನೀರಿಗೆ ಬಿದ್ದದ್ದೇ ಮಗುಚಿಕೊಂಡಿತು. ತಳ ಮೇಲೆ, ಮೂತಿ ಕೆಳಗೆ.

ನನ್ನ ಕಣ್ಣಿಗೆ ಅದು ಮಗುಚಿದ ಕುರಿಯಂತೆ ಕಂಡಿತು. ಉಣ್ಣೆ ಕತ್ತರಿಸುವ ಮುಂಚೆ ನಾವು ಕುರಿಗಳನ್ನು ಮಾರಿಕಣಿವೆ ಹಿನ್ನೀರಿಗೆ ಇಳಿಸಿ ಮೈ ತೊಳೆಯುತ್ತೇವೆ. ನೆನೆದ ಉಣ್ಣೆ ಕಲ್ಲಿನಷ್ಟು ಭಾರ. ಮಗುಚಿದ ಕುರಿ ಕಾಲು ಮೇಲೆ ಮಾಡಿ ಒದೆಯುತ್ತದೆ. ಎದುರಿನಿಂದ ಹಿಡಿಯಲು ಹೋದವನನ್ನೂ ಜೊತೆಗೇ ಒಯ್ಯುತ್ತದೆ. ನನ್ನ ತಮ್ಮ ಹೋದದ್ದು ಹಾಗೆ. ಮೇಲಕ್ಕೆತ್ತಿದಾಗ ಅವನ ಬೆರಳು ಇನ್ನೂ ಉಣ್ಣೆಯಲ್ಲೇ ಸಿಕ್ಕಿಕೊಂಡಿದ್ದವು. ಅದೇ ನೀರಿನಲ್ಲಿ ಇವಳಿಗೆ ಈಜು ಕಲಿಸಿದವನೂ ನಾನೇ.

ದೋಣಿಯಿಂದ ಒಂದು ಕಪ್ಪು ಬಟ್ಟೆಯ ಆಕಾರ ನೀರಿಗೆ ಹಾರಿತು. ಯಾರೋ ತಿಳಿಯದು. ಆದರೂ ಎದ್ದು ಕೂಗಿದೆ:

"ಎದುರಿಗೆ ಹೋಗಬ್ಯಾಡ ಕಣೇ! ಹಿಂದ್ಲಿಂದ ಹಿಡಿ!"

"ಮಾವ, ಕುಂತ್ಕಳ್ರಿ. ಟಿವಿಗೇನು ಕಿವಿ ಐತಾ?" ಸೊಸೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಅಲೆಯೊಂದು ಎದ್ದು ಆ ತಲೆ ಕಾಣದಾಯಿತು. ಮರುಕ್ಷಣ ಟಿವಿಯಲ್ಲಿ ಕೋಟು ತೊಟ್ಟವನೊಬ್ಬ ಬಂದು ಮಾತಾಡತೊಡಗಿದ.

"ಅವನ್ನ ಆಚೆ ಕಳ್ಸಿ ನೀರು ತೋರ್ಸಾಕೆ ಹೇಳು!"

"ಯಾರಿಗೆ ಹೇಳ್ಲಿ ಮಾವ?" ಅವಳು ಎದ್ದು ಟಿವಿ ಹತ್ತಿರಕ್ಕೇ ಹೋಗಿ ನಿಂತಳು.

ಮೊಮ್ಮಗಳಿಗೆ ಫೋನು ಮಾಡಿದರೆ ಹತ್ತಲಿಲ್ಲ. ಬಿಸಿಲೇರಿತು, ರೊಪ್ಪದಲ್ಲಿ ಕುರಿಗಳು ಮೇಯಲು ಬಿಡಿರೆಂದು ಅರಚುತ್ತಿದ್ದವು. ನಾನು ಫೋನು ಬಿಟ್ಟು ಹೊಸ್ತಿಲು ದಾಟಲಿಲ್ಲ.

ಮಧ್ಯಾಹ್ನ ಮೊಮ್ಮಗಳೇ ಫೋನು ಮಾಡಿದಳು.

"ತಾತ! ನೋಡಿದ್ಯಾ? ಹಗ್ಗ ಹಾಕಿದ್ದು ನಾನೇ!"

"ಮಗುಚಿತ್ತಲ್ಲೇ ಅದು!"

"ಅದ್ರಾಗೆ ಗಾಳಿಚೀಲ ಅವೆ. ಉಬ್ಬಿದ್ ಕೂಡ್ಲೇ ತಾನೇ ಎದ್ದು ಕುಂತ್ಕಂತು."

"ಹಿಂದ್ಲಿಂದ ಹೋದೆ ತಾನೇ?"

"ದುಂಡಗೈತೆ ತಾತ ಅದು! ಹಿಂದು ಯಾವ್ದು, ಮುಂದು ಯಾವ್ದು? ಟಗರು ಅನ್ಕಂಡ್ಯೇನು?" ಅವಳ ನಗುವಿಗೆ ನನ್ನ ಕಣ್ಣು ತುಂಬಿ ಹರಿಯಿತು. "ಮುಂದೆ ಒಳಗೆ ಮನುಷ್ಯರು ಇರ್ತಾರೆ. ಆವಾಗ್ಲೂ ನಾನೇ ಇಳಿಯೋದು!"

ನನಗೆ ತಮ್ಮನ ಬೆರಳುಗಳು ನೆನಪಾದವು. ಆ ಕಡೆ ಅವಳ ಊಟದ ತಟ್ಟೆ ಇಟ್ಟ ಸದ್ದು ಕೇಳಿತು.

"ತಾತ, ಇದೀಯಾ?"

"ಇದೀನಿ. ನೀನು ಉಣ್ಣು."

ಹಪ್ಪಳ ಮುರಿದ ಸದ್ದು, ಅಗಿಯುವ ಸದ್ದು, ನೀರು ಗುಟುಕರಿಸಿದ ಸದ್ದು. ಸೊಸೆ ಕೈ ಚಾಚಿದರೂ ಫೋನು ಬಿಡದೆ ಕೇಳುತ್ತಾ ಕೂತೆ. ಕೊನೆಗೆ ಅವಳೂ ಬಂದು ನನ್ನ ಕಿವಿಯ ಪಕ್ಕ ಕಿವಿ ಒತ್ತಿದಳು.