ಎಮ್ಮೆಯ ಕೋಡು ಬದಲಿಸದ ಈರಣ್ಣ

ಈರಣ್ಣನಿಗೆ ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ತಾವರಗೇರಾದ ದನದ ದವಾಖಾನೆಗೆ ಕಂಪೌಂಡರ್ ಆಗಿ ಬಂದ ಹೊಸತರಲ್ಲಿ, ಎದುರಿನ ಗೊಬ್ಬರದ ಅಂಗಡಿಯವನಾದ ನನ್ನನ್ನೇ ಮತ್ತೆ ಮತ್ತೆ "ಯಾವ ಊರ್ರಿ ನಿಮ್ದು?" ಎಂದು ಕೇಳಿ ನಗೆಪಾಟಲಾಗಿದ್ದ. ಆದರೆ ಯಾರಾದರೂ ದನ ಹೊಡೆದುಕೊಂಡು ಬಂದರೆ, ಅವರ ಬೆನ್ನ ಹಿಂದೆ ಇಣುಕಿ ಕೋಡು ನೋಡಿ, "ಬರ್ರಿ ದ್ಯಾಮಣ್ಣ, ಮೊಮ್ಮಗಳ ಲಗ್ನ ಹೆಂಗಾತು?" ಎಂದು ವಿಚಾರಿಸುತ್ತಿದ್ದ. ಎಮ್ಮೆ ಕಂಡರೆ ಅವನಿಗೆ ಮನೆತನವೇ ನೆನಪಾಗುತ್ತಿತ್ತು.

ಮಧ್ಯಾಹ್ನ ದವಾಖಾನೆಯ ಬಾಗಿಲು ಮುಂದಕ್ಕೆಳೆದು, ರಸ್ತೆ ದಾಟಿ ನನ್ನ ಅಂಗಡಿಗೆ ಬರುತ್ತಿದ್ದ. ಯೂರಿಯಾ ಚೀಲದ ಮೇಲೆ ಕುಳಿತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಕಪ್ಪು ಪೆನ್ನಿನಲ್ಲಿ ವ್ಯಂಗ್ಯಚಿತ್ರ ಬಿಡಿಸುವುದು ಅವನ ಹುಚ್ಚು. ನಾನು ಎರಡು ಚಹಾ ತರಿಸುತ್ತಿದ್ದೆ. ಕಾಗದದ ಮೇಲೆ ನಾಲ್ಕು ಚೌಕ, ಅದರೊಳಗೆ ಸೂಜಿಗಾಗಿ ಪಾಳಿ ನಿಂತ ದನಗಳು. ಅವು ತಮ್ಮ ತಮ್ಮ ಮಾಲಕರ ಬಗ್ಗೆ ಮಾತಾಡಿಕೊಳ್ಳುತ್ತವೆ, ಅಷ್ಟೇ. ಬಿಡಿಸಿದ್ದನ್ನು ಫೋನಿನಲ್ಲಿ ಫೋಟೊ ಹೊಡೆದು ಊರ ಗ್ರೂಪಿಗೆ ಬಿಡುವನು. ಆಮೇಲೆ ಅದನ್ನೇ ತನ್ನ ಬ್ಲಾಗಿಗೆ ಏರಿಸಿ ಎಮ್ಮೆ, ಎತ್ತು, ಆಡು ಎಂದು ಬೇರೆ ಬೇರೆಯಾಗಿ ಜೋಡಿಸಿಡುವನು. ಒಂದಕ್ಕೆ ಎರಡು ಕೆಲಸ ಯಾಕೆಂದು ಕೇಳಿದ್ದೆ.

"ಗ್ರೂಪಿನ್ಯಾಗ ಬಿಟ್ಟಿದ್ದು ಸಂತ್ಯಾಗ ಒದರಿದಂಗ್ರಿ ಸಾವ್ಕಾರ್ರ, ಸಂಜಿಕ ಯಾರಿಗೂ ನೆನಪಿರಂಗಿಲ್ಲ. ಬ್ಲಾಗಿನ್ಯಾಗ ಇಟ್ಟಿದ್ದು ನೆಲದಾಗಿನ ಹಗೇವಿಗೆ ಜ್ವಾಳ ತುಂಬಿದಂಗ. ಬೇಕಾದಾಗ ತಗೀಬೌದು."

ಯಾರ ಮನಸ್ಸೂ ನೋಯಬಾರದೆಂದು ಅವನು ಒಂದು ಉಪಾಯ ಮಾಡಿದ್ದ. ಗಂಡಸಿರಲಿ ಹೆಂಗಸಿರಲಿ, ಎಲ್ಲರಿಗೂ ಒಂದೇ ಬದನೆಕಾಯಿ ಮೂಗು. ಊರು, ಹೆಸರು, ಉಡುಗೆ ಎಲ್ಲ ಬದಲು. ಇಷ್ಟಾದ ಮೇಲೆ ಯಾರನ್ನೂ ಯಾರೂ ಗುರುತು ಹಿಡಿಯಲಾರರೆಂದು ನಂಬಿ ಆರಾಮಾಗಿದ್ದ. ನನ್ನನ್ನೂ ಒಮ್ಮೆ ಬಿಡಿಸೋ ಎಂದರೆ, "ನಿಮ್ಮಂತೇಕ ಎಮ್ಮಿ ಎಲ್ಲೈತ್ರಿ?" ಎಂದು ಮಾತು ಹಾರಿಸುತ್ತಿದ್ದ. ನನ್ನ ಹತ್ತಿರ ಇದ್ದದ್ದು ಸ್ಟ್ಯಾಂಡ್ ಮುರಿದ ಒಂದು ಹಳೆಯ ಮೊಪೆಡ್. ಅದು ದಿನವಿಡೀ ಅಂಗಡಿಯ ಮುಂದಿನ ಬೇವಿನ ಮರಕ್ಕೆ ಒರಗಿಕೊಂಡು ನಿಂತಿರುತ್ತಿತ್ತು.

ಅವನ ಉಪಾಯ ಕೆಟ್ಟದ್ದು, ದವಾಖಾನೆಗೆ ಮೇಲಿಂದ ಮೇಲೆ ಬರುತ್ತಿದ್ದ ನಿಂಗವ್ವನ ಎಮ್ಮೆಯಿಂದ. ಅದರ ಒಂದು ಕೋಡು ಕೆನ್ನೆಗೆ ಇಳಿಬಿದ್ದರೆ ಇನ್ನೊಂದು ಬೆನ್ನ ಕಡೆಗೆ ತಿರುಗಿತ್ತು. ಈರಣ್ಣನ ಚಿತ್ರದಲ್ಲಿ ಆ ಎಮ್ಮೆ ಪಕ್ಕದ ಆಕಳಿಗೆ ಹೇಳುತ್ತದೆ: "ನನಗೇನೂ ಆಗಿಲ್ಲವ್ವಾ. ಸೊಸಿ ಕೂಡ ಮಾತಿಗೆ ಮಾತು ಬೆಳದಾಗ ನಮ್ಮಾಕಿಗೆ ಕುಂದ್ರಾಕ ಒಂದು ಜಾಗ ಬೇಕು. ಅದಕ್ಕ ನನಗ ಜ್ವರ ಬರ್ತಾವ."

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಬದನೆಕಾಯಿ ಮೂಗನ್ನು ಯಾರೂ ನೋಡಲೇ ಇಲ್ಲ. ನಮ್ಮ ಕಡೆ ಮನುಷ್ಯರಿಗಿಂತ ಮೊದಲು ಎಮ್ಮೆಯ ಗುರುತು ಹತ್ತುತ್ತದೆ ಎಂಬುದನ್ನು, ಸ್ವತಃ ಹಾಗೇ ಇದ್ದ ಈರಣ್ಣನೇ ಮರೆತಿದ್ದ.

ಮರುದಿನ ನಿಂಗವ್ವ ಬಂದಳು. ಜಗಳಕ್ಕೆ ಬಂದವಳ ಹಾಗಿರಲಿಲ್ಲ. ಅಂಗಡಿಯ ಕಟ್ಟೆಯ ಕೆಳಗೇ ನಿಂತು, "ಈರಣ್ಣಾ, ನನ್ನ ಮಾರಿ ಬದಲ ಮಾಡೀದಿ, ಖರೆ. ಎಮ್ಮಿ ಕೋಡು ಯಾಕ ಬದಲ ಮಾಡಲಿಲ್ಲ?" ಎಂದು ಕೇಳಿದಳು.

"ಕೋಡು ತಪ್ಪಿದ್ರ ಎಮ್ಮಿ ಬ್ಯಾರೇದ ಅಕ್ಕೈತಿ, ಯವ್ವಾ," ಎಂದ ಈರಣ್ಣ. ಅದು ಅವನಿಗೆ ತೋಚಿದ ನಿಜವಾದ ಉತ್ತರ. ಆಕೆ ಬಂದ ದಾರಿಯಲ್ಲೇ ಹೋದಳು, ಆಮೇಲೆ ದವಾಖಾನೆಯ ಕಡೆ ಸುಳಿಯಲಿಲ್ಲ.

ಈರಣ್ಣ ಅಂದೇ ಬ್ಲಾಗಿಗೆ ಬೀಗ ಹಾಕಿದ. ಇನ್ನು ಪೆನ್ನು ಹಿಡಿಯುವುದಿಲ್ಲ ಎಂದ. ಮಧ್ಯಾಹ್ನ ಬಂದು ಸುಮ್ಮನೆ ಚಹಾ ಕುಡಿದು ಹೋಗತೊಡಗಿದ. ಇಬ್ಬರು ಗಂಡಸರು ಎದುರುಬದುರು ಕುಳಿತು ಮಾತಿಲ್ಲದೆ ಚಹಾ ಕುಡಿಯುವುದು ಎಷ್ಟು ಬೇಸರದ ಕೆಲಸವೆಂದು ನನಗೆ ಆಗ ಗೊತ್ತಾಯಿತು. ಗ್ರೂಪಿನಲ್ಲೂ ಬರೀ ಶುಭೋದಯದ ಹೂವುಗಳೇ ಉಳಿದವು.

ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಎಮ್ಮೆ ಬಂತು. ಹಗ್ಗ ಹಿಡಿದವಳು ನಿಂಗವ್ವನ ಸೊಸೆ ರೇಣುಕಾ. ಈರಣ್ಣ ಪೆಚ್ಚಾಗಿ ಎಮ್ಮೆಗೆ ಏನಾಗಿದೆ ಎಂದು ವಿಚಾರಿಸಿದ. ಎಮ್ಮೆಯ ಮಾತು ಆಮೇಲೆ, ಮೊದಲು ಚಿತ್ರದ ಮಾತಾಗಲಿ ಎಂದಳು ಆಕೆ. "ಅತ್ತಿಗೊಬ್ಬಾಕಿಗೇ ಮನ್ಯಾಗ ಬ್ಯಾಸರ ಬರ್ತೈತಿ ಅಂತ ಚಿತ್ರಾ ತಗದೀರಿ. ನನಗ ಬರೂದಿಲ್ಲೇನ್ರಿ? ನಾ ಎಲ್ಲಿ ಹೋಗಿ ಕುಂದರ್ಲಿ?"

ಈರಣ್ಣ ಎಷ್ಟೋ ದಿನಗಳ ಮೇಲೆ ನಕ್ಕ. ಮುಂದಿನ ಚಿತ್ರದಲ್ಲಿ ಎಮ್ಮೆಗೆ ವಾರಕ್ಕೆ ಎರಡು ಸಲ ಜ್ವರ: ಒಮ್ಮೆ ಅತ್ತೆಯದು, ಒಮ್ಮೆ ಸೊಸೆಯದು. ಅದನ್ನು ಯಾರಿಗೂ ಬಿಡದೆ, ಮೊದಲು ನಿಂಗವ್ವನಿಗೆ ತೋರಿಸಿ ಬರಲು ರೇಣುಕಾಳ ಕೈಯಲ್ಲೇ ಕೊಟ್ಟು ಕಳಿಸಿದ. ಎರಡು ದಿನ ಬಿಟ್ಟು ಅತ್ತೆ ಸೊಸೆ ಇಬ್ಬರೂ ಜೊತೆಗೇ ಬಂದರು. ನಿಂಗವ್ವ ಕಾಗದವನ್ನು ವಾಪಸು ಕೊಟ್ಟು, "ಹಾಕು. ಹಳೇದೂ ಹಾಕು. ಕೋಡು ಮಾತ್ರ ಹಂಗ ಇರ್ಲಿ" ಎಂದಳು. ಬ್ಲಾಗಿನ ಬೀಗ ತೆರೆಯಿತು. ಅಂದಿನಿಂದ ಯಾರನ್ನೇ ಬಿಡಿಸಿದರೂ ಮೊದಲು ಅವರ ಮನೆಗೆ ಹೋಗಿ ತೋರಿಸಿಯೇ ಗ್ರೂಪಿಗೆ ಬಿಡುತ್ತಿದ್ದ.

ಹೋದ ವರ್ಷ ಅವನಿಗೆ ಯಲಬುರ್ಗಾಕ್ಕೆ ವರ್ಗವಾಯಿತು. ದೂರವೇನಲ್ಲ, ಆದರೆ ಮಧ್ಯಾಹ್ನದ ಚಹಾಕ್ಕೆ ಬಂದು ಹೋಗುವಷ್ಟು ಹತ್ತಿರವೂ ಅಲ್ಲ. ಹೋಗುವ ದಿನವೂ ನಾನು ನನ್ನ ಚಿತ್ರ ಕೇಳಿದೆ. ಅವನು ಮರಕ್ಕೆ ಒರಗಿದ್ದ ಮೊಪೆಡ್ಡನ್ನು ತುಸು ಹೊತ್ತು ನೋಡಿ ಬಸ್ಸು ಹತ್ತಿದ.

ತಿಂಗಳಾದ ಮೇಲೆ ನನ್ನ ಫೋನಿಗೊಂದು ಚಿತ್ರ ಬಂತು, ಕೆಳಗೆ "ಗ್ರೂಪಿಗೆ ಬಿಡ್ಲೇನ್ರಿ?" ಎಂಬ ಪ್ರಶ್ನೆ. ನಾನು ಅದರಲ್ಲಿ ಇರಲೇ ಇಲ್ಲ. ಬೇವಿನ ಮರಕ್ಕೆ ಒರಗಿದ ಮೊಪೆಡ್ ನಿಂಗವ್ವನ ಎಮ್ಮೆಗೆ ಹೇಳುತ್ತಿತ್ತು: "ಕಂಪೌಂಡರ್ ಹೋಗ್ಯಾನ. ನಮ್ಮ ಮಾಲಕ ಇನ್ನೂ ಎರಡು ಚಹಾ ತರಸ್ತಾನ. ಒಂದು ಆರಿ ಹೋಗ್ತೈತಿ."

ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಅವನಿಗೆ ಹೇಗೆ ತಿಳಿಯಿತೋ. "ಬಿಡು" ಎಂದು ಬರೆದೆ.

ಮರುದಿನ ಮಧ್ಯಾಹ್ನ ನಿಂಗವ್ವ ಎಮ್ಮೆ ಹೊಡೆದುಕೊಂಡು ಬಂದಳು. ದವಾಖಾನೆಯ ಬಾಗಿಲು ಮುಚ್ಚಿತ್ತು. ಆಕೆ ಅದನ್ನು ನೋಡಲೂ ಇಲ್ಲ. ನೇರ ನನ್ನ ಅಂಗಡಿಗೆ ಬಂದು, ಯೂರಿಯಾ ಚೀಲದ ಮೇಲೆ ಕುಳಿತು, "ಆರೂದ್ರೊಳಗ ಆ ಚಹಾ ಇಲ್ಲಿ ಕೊಡು ತಮ್ಮಾ" ಎಂದಳು. ನಾನು ಎರಡನೇ ಲೋಟ ಆಕೆಯ ಕೈಗಿತ್ತು ಹೊರಗೆ ನೋಡಿದೆ. ಎಮ್ಮೆಗೆ ಏನೂ ಆಗಿರಲಿಲ್ಲ.