ಅಗಸಿ ಗೋಡೆಗೆ ಐವತ್ತರ ಲೆನ್ಸು

ಅವರ ಎಡಗಣ್ಣು ಬಲಗಣ್ಣಿಗಿಂತ ಸಣ್ಣದಿತ್ತು. ಹುಟ್ಟಿನಿಂದ ಬಂದದ್ದಲ್ಲ. ಹರೆಯದಿಂದಲೂ ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿ ಎಡಗಣ್ಣು ಮುಚ್ಚಿ ಮುಚ್ಚಿ, ಆ ರೆಪ್ಪೆಗೆ ಅರ್ಧಕ್ಕೇ ನಿಲ್ಲುವ ರೂಢಿಯಾಗಿಬಿಟ್ಟಿತ್ತು. ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. "ಹಂಗ ನೋಡಬ್ಯಾಡ್ರಿ ಯವ್ವಾ, ಹುಳಕಿಲ್ಲ ಅವು," ಎನ್ನುತ್ತ ಕಾಯಿಪಲ್ಲೆಯವಳು ತಾನಾಗಿಯೇ ಒಂದೆರಡು ಹೆಚ್ಚಿಗೆ ಹಾಕುತ್ತಿದ್ದಳು.

ಬೆಟಗೇರಿಯಲ್ಲಿ ನನ್ನ ಬಾಡಿಗೆ ಮನೆಯ ಕೆಳಗೇ ಅವರ ಫೋಟೊ ಸ್ಟುಡಿಯೊ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರು. ಓಣಿಗೆಲ್ಲ ಅವರು ಸ್ಟುಡಿಯೊ ಅತ್ತಿ. ನನಗೂ ಅತ್ತಿಯೇ ಆದರು. ನನ್ನನ್ನು ಮಾತ್ರ ಅವರು, ನಮ್ಮ ಕಡೆ ಟೀಚರಮ್ಮನನ್ನು ಕರೆಯುವಂತೆ, 'ಅಕ್ಕೋರ' ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂಬುದು ನನಗೆ ಕೊನೆಯ ತನಕ ತಿಳಿಯಲಿಲ್ಲ.

ಗಂಡ ತೀರಿಕೊಂಡಾಗ ಮೈದುನಂದಿರು ಅಂಗಡಿಯನ್ನು ಯಾರೋ ಮೊಬೈಲ್ ರಿಪೇರಿಯವನಿಗೆ ಕೊಡಲು ಮಾತಾಡಿ ಮುಗಿಸಿದ್ದರಂತೆ. ಸೂತಕದ ದಿನಗಳು ಮುಗಿದ ಮರುದಿನವೇ ಅತ್ತಿ ಬಂದು ಶಟರ್ ಎತ್ತಿ, ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತರು. "ಅವ್ರು ಬಂದ್ರು. ಪಾಸ್‌ಪೋರ್ಟ್ ಸೈಜ್ ಬೇಕೇನ್ರಿ ಅಂತ ಕೇಳಿದೆ. ಹ್ವಾದ್ರು." ಆ ಕತೆಯನ್ನು ಅವರು ಯಾವಾಗಲೂ ಇಷ್ಟಕ್ಕೇ ಮುಗಿಸುತ್ತಿದ್ದರು. ಅವರ ಜಗಳಗಳೆಲ್ಲ ಹೀಗೆಯೇ. ದನಿ ಏರುತ್ತಿರಲಿಲ್ಲ, ಎದುರಿಗಿದ್ದವರಿಗೆ ಮಾತ್ರ ಕೂರಲು ಜಾಗ ಸಿಗುತ್ತಿರಲಿಲ್ಲ.

ನನ್ನ ಪಾಲಿಗೆ ಬಂದದ್ದು ಅಗಸಿ ಗೋಡೆಯ ಜಗಳ. ಹಳೇ ಪೇಟೆಯ ಅಗಸಿ, ಒಂದು ಕಾಲದ ಊರಬಾಗಿಲು, ಈಗ ಅಂಗಡಿಗಳ ನಡುವೆ ಇಕ್ಕಟ್ಟಾದ ಚೌಕದಲ್ಲಿ ನಿಂತಿದೆ. ಅದಕ್ಕೆ ಹೊಂದಿಕೊಂಡ ಉದ್ದ ಗೋಡೆಯ ಮೇಲೆ, ಓಣಿಯವರನ್ನು ಕೇಳಿಕೊಂಡೇ, ಒಂದು ಬೇಸಿಗೆ ರಜೆಯನ್ನೆಲ್ಲ ಕಳೆದು ಚಿತ್ರ ಬರೆದೆ. ನೇಕಾರ ಓಣಿಯ ಹೆಂಗಸರು ಸಾಲಾಗಿ ಕೂತು ರಾಟಿಯಲ್ಲಿ ನೂಲು ಸುತ್ತುವ ಚಿತ್ರ. ಎಲ್ಲರೂ ದಿನಾ ಕಾಣುವ ಮುಖಗಳೇ. ಸಾಲಿನ ಕೊನೆಯ ಮುದುಕಿ ಒಂದು ಕಾಲು ಮಡಚಿ, ಇನ್ನೊಂದನ್ನು ಉದ್ದಕ್ಕೆ ಚಾಚಿ ಕೂತಿದ್ದಳು. ರಾಟಿಯ ಮುಂದೆ ದಿನವಿಡೀ ಕೂರುವವರು ಹಾಗೆಯೇ ಕೂರುತ್ತಾರೆ. ಆದರೆ ಆ ಕಾಲು ಚಾಚಿದ್ದು ಅಗಸಿಯ ಕಡೆಗೆ. ಶ್ರಾವಣದಲ್ಲಿ ದೇವರ ಪಲ್ಲಕ್ಕಿ ಬರುವ ದಾರಿ ಅದು ಎಂಬುದು ಬರೆಯುವಾಗ ನನ್ನ ತಲೆಗೆ ಹೊಳೆದಿರಲಿಲ್ಲ.

ಓಣಿಯ ಹಿರಿಯರೊಬ್ಬರ ತಲೆಗೆ ಹೊಳೆಯಿತು. ಗೋಡೆಯ ನೇರ ಎದುರಿಗೇ ಅವರ ಮನೆ. "ಪಲ್ಲಕ್ಕಿಗೆ ಕಾಲ ಚಾಚ್ಯಾಳ. ಶ್ರಾವಣ ಬರೂದ್ರಾಗ ಸುಣ್ಣ ಹೊಡಸೂದ," ಎಂದು ನಾಲ್ಕು ಜನರ ಮುಂದೆ ಹೇಳಿದರು. ಕಾಲನ್ನು ಮಡಚಿ ಬರೆದುಬಿಟ್ಟರೆ ಹೇಗೆ ಎಂದು ನಾನು ಅತ್ತಿಯನ್ನು ಕೇಳಿದೆ.

"ಮುದುಕಿ ಕಾಲ ನೋಯಾಕತ್ತಾವಂತ ಚಾಚ್ಯಾಳ. ಮಡಚಾಕ ನೀವ್ಯಾರ್ರಿ ಅಕ್ಕೋರ?" ಎಂದರು ಅತ್ತಿ. ನಾನು ಮಡಚಲಿಲ್ಲ. ಹಿರಿಯರು ಸುಣ್ಣಕ್ಕೆ ದಿನ ಗೊತ್ತುಮಾಡಿದರು.

"ಮೊದಲ ಫೋಟೊ ತಗಿಯೂಣು," ಎಂದು ಅತ್ತಿ ಲೆನ್ಸುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದಕ್ಕೂ ಹಳೇ ಸೀರೆಯ ಮೆತ್ತನೆಯ ತುಂಡು ಸುತ್ತಿರುತ್ತಿದ್ದರು. ಚೌಕ ಇಕ್ಕಟ್ಟು, ಒಂದೇ ಏಟಿಗೆ ಇಡೀ ಗೋಡೆ ಹಿಡಿಯಲಿ ಎಂದು ನಾನು ಅಗಲ ಲೆನ್ಸಿಗೆ ಕೈ ಹಾಕಿದೆ. ಅವರು ಅದನ್ನು ನನ್ನ ಕೈಯಿಂದ ಇಸಿದುಕೊಂಡರು.

"ಇದು ನಡುವ ಕುಂತಾವ್ರನ್ನ ನೆಟ್ಟಗ ತೋರಸ್ತೈತಿ, ಅಂಚಿಗೆ ಕುಂತಾವ್ರನ್ನ ಹಿಡದು ಎಳೀತೈತಿ. ಅಂಚಿಗೆ ಕುಂತಾವ್ರು ಏನ ಪಾಪ ಮಾಡ್ಯಾರ? ಮುದುಕಿ ಕಾಲು ಇನ್ನಷ್ಟ ಉದ್ದ ಆತಂದ್ರ ಹಿರ್‍ಯಾರ ಎದಿ ಒಡದ ಹೋದೀತು."

ದೂರದ್ದನ್ನು ಎಳೆದು ತರುವ ಉದ್ದ ಲೆನ್ಸೂ ಬೇಡವೆಂದರು. ಅದಕ್ಕೆ ಆಚೆ ಬೀದಿಗೆ ಹೋಗಿ ನಿಲ್ಲಬೇಕು, ನಡುವೆ ತಂತಿ, ಬೈಕು, ಬಾಳೆಹಣ್ಣಿನ ಗಾಡಿ ಎಲ್ಲ ಬರುತ್ತವೆ. ಉಳಿದದ್ದು ಐವತ್ತರ ಲೆನ್ಸು, ಅಂದರೆ ಐವತ್ತು ಮಿಲಿಮೀಟರಿನದು. ಮನುಷ್ಯರು ಎದುರಿಗೆ ನಿಂತು ನೋಡಿದಂತೆ ಕಾಣಿಸುತ್ತದೆ, ಗೆರೆ ಬಾಗುವುದಿಲ್ಲ. ಆದರೆ ಗೋಡೆಯನ್ನು ತುಂಡು ತುಂಡಾಗಿ ಹಿಡಿದು ಆಮೇಲೆ ಜೋಡಿಸಬೇಕು. ಅದಕ್ಕೂ ಸಾಕಷ್ಟು ಹಿಂದೆ ಸರಿಯಬೇಕು. ಹಿಂದೆ ಸರಿದರೆ ಸಿಗುವುದು ಆ ಹಿರಿಯರ ಪಡಸಾಲೆ.

ಅತ್ತಿ ಟ್ರೈಪಾಡ್ ಹೆಗಲಿಗೇರಿಸಿಕೊಂಡು ಹೋಗಿ ಅವರ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟರು. ನಾನು ಲೆನ್ಸಿನ ಚೀಲ ಹಿಡಿದು ಅವರ ಹಿಂದೆ ನಿಂತೆ.

"ಅಣ್ಣಾರ, ನಿಮ್ಮ ಪಡಸಾಲ್ಯಾಗ ಒಂದೀಟ ನಿಂದರತೀನ್ರಿ."

"ಯಾಕವಾ?"

"ಇಲ್ಲಿಂದ ಆ ಚಿತ್ರ ಹೆಂಗ ಕಾಣತೈತಿ ನೋಡಾಕ್ರಿ. ತಕರಾರ ನಿಮ್ಮದ ಅಲ್ಲೇನ್ರಿ?"

ಮನೆಗೆ ಬಂದ ಹೆಣ್ಣುಮಗಳನ್ನು ಹೊರಗೆ ಹೋಗೆನ್ನುವ ರೂಢಿ ನಮ್ಮಲ್ಲಿಲ್ಲ. ಅಷ್ಟರಲ್ಲಿ ಹಿರಿಯರ ಹೆಂಡತಿ ನೀರು ತಂದರು, ಹಿಂದೆಯೇ ಚಹಾ. ಹಿರಿಯರು ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಆ ತಾಯಿ ಕ್ಯಾಮೆರಾದ ಪುಟ್ಟ ಪರದೆಯನ್ನು ಬಗ್ಗಿ ಬಹಳ ಹೊತ್ತು ನೋಡಿದರು. "ನಾನೂ ಹಿಂಗ ಕುಂಡ್ರತಿದ್ನೆವಾ. ಈಗ ಮಣಕಾಲ ಬಗ್ಗೂದಿಲ್ಲ," ಎಂದರು. ಹಿರಿಯರು ಪೇಪರನ್ನು ಇನ್ನಷ್ಟು ಮೇಲೆತ್ತಿ ಹಿಡಿದರು. ಅತ್ತಿ ಅಂದು ಬಿಸಿಲು ಏರುವ ತನಕ ಪಡಸಾಲೆಯ ಈ ತುದಿಯಿಂದ ಆ ತುದಿಗೆ ಇಷ್ಟಿಷ್ಟೇ ಸರಿಯುತ್ತ ಗೋಡೆಯನ್ನೆಲ್ಲ ತೆಗೆದರು.

ಗೊತ್ತಾದ ದಿನ ಸುಣ್ಣ ಹೊಡೆದರು. ನಾನು ಹೊರಗೆ ಬರಲಿಲ್ಲ, ಮೇಲೆ ಮನೆಯಲ್ಲೇ ಕೂತು ಅಳುತ್ತಿದ್ದೆ. ಆ ವಾರದಲ್ಲೇ ಅತ್ತಿ ಗದಗಿನಿಂದ ಒಂದು ದೊಡ್ಡ ಸುರುಳಿಯನ್ನು ಆಟೊದಲ್ಲಿ ಹಾಕಿಸಿಕೊಂಡು ಬಂದರು. ಫೋಟೊಗಳನ್ನೆಲ್ಲ ಜೋಡಿಸಿ ಗೋಡೆಯ ಉದ್ದಕ್ಕೇ ಫ್ಲೆಕ್ಸ್ ಮಾಡಿಸಿದ್ದರು! ಹಸಿ ಸುಣ್ಣದ ಮೇಲೆ ಅದನ್ನು ಕಟ್ಟಿಸಿದಾಗ ಒಬ್ಬೊಬ್ಬ ಹೆಂಗಸೂ ತನ್ನ ತನ್ನ ಜಾಗಕ್ಕೇ ಬಂದು ಕೂತಿದ್ದಳು. ಮುದುಕಿಯ ಕಾಲು ಮೊದಲೆಷ್ಟಿತ್ತೋ ಅಷ್ಟೇ ಉದ್ದ.

ಹಿರಿಯರು ಹೊರಗೆ ಬಂದರು. "ಯಾರನ್ನ ಕೇಳಿ ಕಟ್ಟಿದಿ?"

"ನಿಮ್ಮ ಮೊಮ್ಮಗನ ಹುಟ್ಟುಹಬ್ಬದ ಫ್ಲೆಕ್ಸ್ ಹ್ವಾದ ವರ್ಷದಿಂದ ಅಗಸಿ ಮ್ಯಾಲೆ ಐತ್ರಿ ಅಣ್ಣಾರ. ಅದನ್ನ ಇಳಸೂ ದಿನ ಹೇಳ್ರಿ. ನಾನ ಏಣಿ ತರತೀನಿ, ಎರಡೂ ಕೂಡೇ ಇಳಸೂಣು."

ಚೌಕಕ್ಕೆ ಚೌಕವೇ ನಕ್ಕಿತು. ಶ್ರಾವಣದಲ್ಲಿ ಪಲ್ಲಕ್ಕಿ ಬಂತು, ಹೋಯಿತು. ದೇವರು ಏನೂ ಅನ್ನಲಿಲ್ಲ. ಗಾಳಿಗೆ ಫ್ಲೆಕ್ಸ್ ಹರಿದಾಗಲೆಲ್ಲ ಅತ್ತಿ ಹೊಸದು ಮಾಡಿಸಿದರು, ಯಾರನ್ನೂ ಒಂದು ಪೈಸೆ ಕೇಳಲಿಲ್ಲ.

ಹೋದ ಚಳಿಗಾಲದಲ್ಲಿ ಜ್ವರ ಬಂದು ಮಲಗಿದ ಅತ್ತಿ ಮತ್ತೆ ಏಳಲಿಲ್ಲ. ಅವರ ದಿನಗಳು ಮುಗಿಯುವುದರೊಳಗೆ ಯಾರೋ ಫ್ಲೆಕ್ಸ್ ಬಿಚ್ಚಿಬಿಟ್ಟಿದ್ದರು. ಹಿರಿಯರ ಮೊಮ್ಮಗನದು ಮಾತ್ರ ಇದ್ದಲ್ಲೇ ಇತ್ತು. ಬೋಳು ಗೋಡೆಯ ಮುಂದೆ ನಿಂತಾಗ ನನಗೆ ದುಃಖಕ್ಕಿಂತ ಸಿಟ್ಟು ಹೆಚ್ಚು ಬಂತು. ಅಷ್ಟು ಸಿಟ್ಟು ನನ್ನಲ್ಲಿರುವುದು ನನಗೇ ಗೊತ್ತಿರಲಿಲ್ಲ. ಅದನ್ನು ನನ್ನಲ್ಲಿ ಬೆಳೆಸಿಟ್ಟು ಹೋದವರು ಅವರು.

ಅತ್ತಿ ತೆಗೆದ ಫೋಟೊದ ಮೇಲೆ ಚೌಕಳಿ ಗೆರೆ ಎಳೆದೆ, ಅಷ್ಟೇ ಚೌಕಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ಎಳೆದೆ. ಎಲ್ಲೂ ಬಾಗಿರದ ಫೋಟೊ, ಗೋಡೆಯ ಗೆರೆಗೆ ಗೆರೆ ಸರಿಯಾಗಿ ಕೂತಿತು. ಭಾನುವಾರ ಚೌಕ ತುಂಬಿದ ಹೊತ್ತಿಗೆ ಬಣ್ಣದ ಡಬ್ಬಿಗಳನ್ನು ತಂದು ಗೋಡೆಯ ಬುಡದಲ್ಲಿ ಇಟ್ಟೆ. ಹಿರಿಯರು ಪಡಸಾಲೆಯಿಂದಲೇ ಕೇಳಿದರು:

"ಮತ್ತ ಅದನ್ನ ಬರಿತೀರೇನ್ರಿ ಅಕ್ಕೋರ?"

"ಹೂನ್ರಿ."

"ಆ ಮುದುಕಿನ್ನೂ?"

ಚಿತ್ರ ಬರೆಯುವವರು ಸಾಮಾನ್ಯವಾಗಿ ಮುಖದಿಂದ ಶುರು ಮಾಡುತ್ತಾರೆ. ನಾನು ಆ ಕಾಲಿನಿಂದ ಶುರು ಮಾಡಿದೆ.