ಅಕ್ಕನ ದೋಣಿಗೆ ಸಿಕ್ಕಿಕೊಂಡ ಚೆಂಡುಹೂವು

ನಮ್ಮಕ್ಕನ ದೋಣಿ ಕಬಿನಿ ಹಿನ್ನೀರಿನ ನಟ್ಟನಡುವೆ ನಿಂತುಹೋಗಿದ್ದು ಚೆಂಡುಹೂವಿನಿಂದ. ನಂಬುತ್ತೀರಾ? ಅವರ ಊರಿನವರು ನಂಬಲಿಲ್ಲ.

ಅಕ್ಕನ ಊರು ಹಂಪಾಪುರದಿಂದಾಚೆ. ಭಾವ ಅಲ್ಲಿ ಎಂಜಿನ್ ದೋಣಿ ಓಡಿಸುತ್ತಿದ್ದರು. ಮೇಷ್ಟ್ರು, ಮೇಕೆ, ಹುರುಳಿ ಮೂಟೆ, ಎಲ್ಲರೂ ಆಚೆ ದಡಕ್ಕೆ ಹೋಗುತ್ತಿದ್ದದ್ದು ಅದರಲ್ಲೇ. ಈ ಬೇಸಿಗೆಯಲ್ಲಿ ಭಾವ ಎದೆನೋವು ಅಂತ ಮಲಗಿದವರು ಏಳಲಿಲ್ಲ. ಆಮೇಲೆ ಅಕ್ಕನೇ ಚುಕ್ಕಾಣಿ ಹಿಡಿದಳು. (ಭಾವನಿಗೆ ಜ್ವರ ಬಂದಾಗಲೆಲ್ಲ ಓಡಿಸಿದ್ದವಳು ಅವಳೇ.) ಜನ ಹತ್ತಿದರು. ಅವಳ ಬದುಕಿಗೊಂದು ದಾರಿಯಾಯಿತು ಅಂತ ನನಗೂ ನಿದ್ದೆ ಹತ್ತಿತು.

ಅಷ್ಟರಲ್ಲಿ ಆಯುಧಪೂಜೆ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ನಿಮಗೇ ಗೊತ್ತಲ್ಲ. ನೆರೆಮನೆಯ ದೊಡ್ಡವ್ವ ಹೇಳಿಯೂ ಹೋದರಂತೆ. ಅಕ್ಕ ಕೇಳಲಿಲ್ಲ.

"ಮನೇಗೆ ಹಬ್ಬ ಬ್ಯಾಡ ಬುಡಿ ದೊಡ್ಡವ್ವ. ದೋಣೀದೇನ್ ತಪ್ಪು? ಅವ್ರು ಒಂದ್ ವರ್ಸಾನೂ ತಪ್ಪಿಸ್ನಿಲ್ಲ."

ದೋಣಿಯ ಮೂತಿಗೆ ಮಾರುದ್ದದ ಚೆಂಡುಹೂವಿನ ಹಾರ ಕಟ್ಟಿದಳು. ಹಾಗೇ ಜನರನ್ನು ಹತ್ತಿಸಿಕೊಂಡು ಹೊರಟಳು.

ಎಡವಟ್ಟಾಗಿದ್ದು ಅಲ್ಲೇ. ಎಂಜಿನ್ ತಣ್ಣಗಿರಲೆಂದು ದೋಣಿಯ ತಳದಲ್ಲೊಂದು ಪೈಪು ಸದಾ ನೀರೆಳೆಯುತ್ತಿರುತ್ತದೆ. ಅದರ ಬಾಯಿಗೊಂದು ಜಾಲರಿ. ಹಾರ ಕಳಚಿ ನೀರಿಗೆ ಬಿತ್ತು, ದೋಣಿ ಅದರ ಮೇಲೇ ಹೋಯಿತು, ಎಸಳೆಲ್ಲ ಜಾಲರಿಗೆ ಮೆತ್ತಿಕೊಂಡವು. ನೀರಿಲ್ಲದೆ ಎಂಜಿನ್ ಕಾದು ಹೊಗೆ ಉಗುಳಿತು. ಅಕ್ಕ ಆಫ್ ಮಾಡಿದಳು. ಹುಟ್ಟು ಹಾಕಿಕೊಂಡು ಎಲ್ಲರೂ ಕ್ಷೇಮವಾಗಿ ದಡ ಸೇರಿದರು.

ಭಾವ ಏನು ಮಾಡುತ್ತಿದ್ದರು? ಪೂಜೆ ಮುಗಿದ ತಕ್ಷಣ ಹಾರ ಬಿಚ್ಚಿ ದಡದ ಹೊಂಗೆಮರಕ್ಕೆ ಹಾಕಿ, ಆಮೇಲೇ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದರು. (ಇದನ್ನು ಅವರ ಗೆಳೆಯರೊಬ್ಬರು ಹೇಳಿದ್ದು, ಎಲ್ಲ ಆದಮೇಲೆ.) ಅಕ್ಕನಿಗೆ ಹೇಗೆ ಗೊತ್ತಿರಬೇಕು? ಅಲ್ಲಿ ದೋಣಿಯ ಪೂಜೆಗೆ ನಿಲ್ಲುವವರು ಗಂಡಸರು. ಆ ಹೊತ್ತಿಗೆ ಅವಳು ಮನೆಯಲ್ಲಿ ಒಬ್ಬಟ್ಟು ತಟ್ಟುತ್ತಿದ್ದಳು.

ಹುಣಸೂರಿನಿಂದ ನನ್ನ ಗೆಳೆಯ ಸ್ವಾಮಿಯನ್ನು ಕರೆದುಕೊಂಡು ಹೋದೆ. ಪಂಪ್‌ಸೆಟ್ ಮೆಕ್ಯಾನಿಕ್. ದೋಣಿಯನ್ನು ದಡಕ್ಕೆಳೆದು, ಮಗ್ಗುಲಿಗೆ ವಾಲಿಸಿ ಜಾಲರಿ ಬಿಚ್ಚಿದ. ಕೊಳೆತ ಎಸಳು, ದಾರ. ನೀರೆಳೆಯುವ ಪಂಪಿನೊಳಗಿನ ರಬ್ಬರ್ ಚಕ್ರ ಸುಟ್ಟು ಕರಕಲಾಗಿತ್ತು.

"ನೋಡ್ಲಾ, ತಳದಲ್ಲಿ ಕಸ ಸಿಕ್ಕಂಡ್ರೆ ನಡುನೀರಲ್ಲಿ ಕೈಗೆ ಎಟುಕಕಿಲ್ಲ. ಒಳಗೇ ಒಂದ್ ಫಿಲ್ಟರ್ ಕೂರಿಸ್ತೀನಿ" ಅಂದ.

ದಪ್ಪ ಪೈಪು, ಹೊಸ ವಾಲ್ವ್, ಒಳಗಿನದು ಕಾಣುವಂಥ ಮುಚ್ಚಳದ ಫಿಲ್ಟರ್. ಎಂಜಿನ್ ಸ್ಟಾರ್ಟ್ ಆಗಿ ಅದನ್ನು ತಣಿಸಿದ ನೀರು ದೋಣಿಯ ಹಿಂಭಾಗದ ಪೈಪಿನಿಂದ ಸುರಿಯಿತು. ಅಕ್ಕ ಆ ನೀರಿಗೆ ಕೈಯೊಡ್ಡಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ ದಡದಲ್ಲಿ ಜನರಿದ್ದರು. "ಬನ್ನಿ, ಸರಿಯಾಗೈತೆ" ಅಂತ ಅಕ್ಕ ಕರೆದಳು. ಯಾರೂ ಕದಲಲಿಲ್ಲ. ನಾನು ಹೂವಿನ ಕತೆ ಹೇಳಿದೆ. ಕೊಳೆತ ಎಸಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ.

ದೊಡ್ಡವ್ವ ಮೆಲ್ಲಗೆ ಅಂದರು, "ಹೂವ ವರ್ಸ್‌ವರ್ಸಾನೂ ಕಟ್ತಿದ್ರು ಕಣಪ್ಪ. ಈ ವರ್ಸವೇ ಯಾಕ್ ನಿಂತೋಯ್ತು? ಗಂಡನ್ನ ಕಳ್ಕೊಂಡೋಳು ಪೂಜೆ ಮುಟ್‌ಬಾರ್ದಾಗಿತ್ತು."

ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು.

ಜನ ಸುತ್ತಿ ಬಳಸಿ ಹೋಗುವ ಬಸ್ಸಿಗೆ ನಡೆದರು. ಅಕ್ಕ ಖಾಲಿ ದೋಣಿಯಲ್ಲೇ ಆಚೆ ದಡಕ್ಕೆ ಹೋದಳು. ಈಗಲೂ ದಿನಾ ಹೋಗುತ್ತಾಳೆ. "ಡೀಸೆಲ್ ಇರೋಗಂಟ ಓಯ್ತೀನಿ ಕಣೋ" ಅನ್ನುತ್ತಾಳೆ ಫೋನಿನಲ್ಲಿ.

ಅಂಗೈ ಮೇಲಿಟ್ಟು ತೋರಿಸಿದ ಹೂವು ಕಾಣದ ಕಣ್ಣುಗಳಿಗೆ ಅಕ್ಕನ ಬರಿ ಹಣೆ ಮಾತ್ರ ಅಷ್ಟು ಚೆನ್ನಾಗಿ ಕಂಡಿದ್ದು ಹೇಗೆ?